ಹನ್ನೆರಡನೆಯ ಹೆಸರು

ನಾನು ಒಂದು ಸಲ ಹುಡುಗರಿಗೆ ನಾಯಕತ್ವ ಕಲಿಸಲು ಫಾರಿನ್ನಿಗೆ ಹೋಗಿದ್ದೆ ಎಂದರೆ ನನ್ನ ತಂಗಿ ಈಗಲೂ ನಗುತ್ತಾಳೆ. ನಗುವುದಕ್ಕೆ ಕಾರಣವಿದೆ. ಆ ಫಾರಿನ್ನಿಗೆ ವಿಮಾನ ಹತ್ತಬೇಕಿರಲಿಲ್ಲ, ಪಾಸ್‌ಪೋರ್ಟೂ ಬೇಕಿರಲಿಲ್ಲ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಗುವಾಹಟಿ ರೈಲು ಹತ್ತಿ, ಚಪಾತಿ ಪುಳಿಯೋಗರೆ ಕಟ್ಟಿಕೊಂಡು ಮೂರು ದಿನ ಕೂತರೆ ಬಂಗಾಳದ ಮೇಲ್ತುದಿ ಬರುತ್ತಿತ್ತು. ಅಲ್ಲಿಂದ ಬಸ್ಸು. ಬಸ್ಸಿನಿಂದ ಇಳಿದು ಒಂದು ಉದ್ದದ ಸೇತುವೆಯನ್ನು ಸೈಕಲ್ ರಿಕ್ಷಾದಲ್ಲಿ ದಾಟಿದರೆ ನೇಪಾಳ. ನಮ್ಮ ತಂಡದ ಹುಡುಗಿಯೊಬ್ಬಳ ಅಪ್ಪ ವಿಮಾನಪುರದವರು, ವಿಮಾನದ ಕಾರ್ಖಾನೆಯಲ್ಲೇ ಕೆಲಸ. "ಯಾವ ಫ್ಲೈಟು ಮೇಡಂ?" ಎಂದು ಉತ್ಸಾಹದಿಂದ ಕೇಳಿದ್ದರು. ರೈಲು ಎಂದಾಗ ಅವರ ಮುಖ ಸಪ್ಪಗಾಯಿತು.

ಆಗ ನಾನು ಕಂಟೋನ್ಮೆಂಟಿನ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿದ್ದಿರಬೇಕು. ಊರಿನ ತುಂಬಾ ಲೀಡರ್‌ಶಿಪ್ ಎಂಬ ಪದ ಸೊಳ್ಳೆಯ ಹಾಗೆ ಹಾರಾಡುತ್ತಿದ್ದ ಕಾಲ. ನಮ್ಮ ಪ್ರಿನ್ಸಿಪಾಲರಿಗೂ ಅದು ಕಚ್ಚಿತು. ಆದರೆ ಅವರು ಒಳ್ಳೆಯ ಮನುಷ್ಯರು. ಹೋಟೆಲಿನ ಹಾಲ್ ಹಿಡಿದು ಭಾಷಣ ಮಾಡಿಸುವುದು ಅವರಿಗೆ ಬೇಡವಾಗಿತ್ತು. ನೇಪಾಳದ ಪೂರ್ವದ ಬಯಲಿನಲ್ಲಿ ಭೂತಾನಿನಿಂದ ಬಂದ ನಿರಾಶ್ರಿತರ ಶಿಬಿರಗಳಿದ್ದವು. ಮನೆ, ಹೊಲ, ಏಲಕ್ಕಿ ತೋಟ ಎಲ್ಲ ಬಿಟ್ಟು ಬಂದ ನೇಪಾಳಿ ಮಾತಿನ ಜನ, ಹತ್ತು ವರ್ಷದ ಮೇಲಾದರೂ ಬಿದಿರಿನ ಗುಡಿಸಲುಗಳಲ್ಲೇ ಇದ್ದರು. ಅಲ್ಲಿ ಕೆಲಸ ಮಾಡುವ ಒಂದು ಸೇವಾಸಂಸ್ಥೆಯ ಪರಿಚಯ ಪ್ರಿನ್ಸಿಪಾಲರಿಗಿತ್ತು. ದಸರಾ ರಜೆಯಲ್ಲಿ ಡಿಗ್ರಿ ಕಡೆಯ ವರ್ಷದ ಹನ್ನೆರಡು ಮಂದಿಯನ್ನು ಕರೆದುಕೊಂಡು ಹೋಗಿ, ಸೇವೆಯ ಮೂಲಕ ನಾಯಕತ್ವ ಕಲಿಸಿ ಬನ್ನಿ ಎಂದು ನನ್ನ ತಲೆಗೆ ಕಟ್ಟಿದರು. ನನಗೂ ಹೆಮ್ಮೆಯಾಯಿತು. ನಲವತ್ತು ದಾಟಿದ, ಮದುವೆಯಾಗದ, ಸಿಡುಕಿ ಎಂದು ಹೆಸರಾದ ಮೇಡಮ್ಮಿಗೆ ಇಂಥ ಕೆಲಸ ಬಂದರೆ ಹೆಮ್ಮೆಯಾಗದೆ ಇದ್ದೀತೇ?

ಆಯ್ಕೆಗೆ ಸಂದರ್ಶನ ಮಾಡಿದೆ. "ನಾಯಕ ಎಂದರೆ ಯಾರು?" ಎಂಬುದು ನನ್ನ ಪ್ರಶ್ನೆ. ಇಂದಿರಾನಗರದ ಒಬ್ಬ ಹುಡುಗ, ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳಿಂದ ಕಾಲೇಜಿನ ಕಪಾಟು ತುಂಬಿಸಿದವನು, ಐದು ನಿಮಿಷ ನೀರು ಕುಡಿದಂತೆ ಮಾತಾಡಿದ. ಅವನ ಹಿಂದೆಯೇ ಕೆ.ಆರ್. ಪುರದಿಂದ ಬರುತ್ತಿದ್ದ ಹುಡುಗಿಯೊಬ್ಬಳು ಒಳಗೆ ಬಂದಳು. ಯಾದಗಿರಿ ಕಡೆಯಿಂದ ಬಂದು ಬಾಡಿಗೆ ಕೋಣೆಯಲ್ಲಿದ್ದ ಮನೆಯವಳು. ಅಪ್ಪ ಗಾರೆ ಕೆಲಸ, ಅವ್ವ ಇಂದಿರಾನಗರದ ಮನೆಗಳಲ್ಲಿ ಅಡುಗೆ. "ಬಸ್ಸು ಲೇಟಾತ್ರೀ ಮಿಸ್" ಎಂದು ಕೂತಳು. ಪ್ರಶ್ನೆಗೆ ಬಹಳ ಹೊತ್ತು ಯೋಚಿಸಿ "ಗೊತ್ತಿಲ್ರೀ" ಎಂದಳು. ಅಷ್ಟೇ.

ಆದರೂ ಅವಳನ್ನು ತೆಗೆದುಕೊಂಡೆ. ಯಾಕೆ ಎಂದು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ. ಹಿಂದಿನ ವರ್ಷ ಹಳ್ಳಿಯೊಂದರಲ್ಲಿ ನಡೆದ ಸೇವಾಶಿಬಿರದಲ್ಲಿ ಅವಳು ನಲವತ್ತು ಜನಕ್ಕೆ ಅನ್ನ ಸಾರು ಮಾಡಿ ಹಾಕಿದ್ದಳು. ನನಗೆ ಅಡುಗೆ ಬರುವುದಿಲ್ಲ, ಉಳಿದ ಹನ್ನೊಂದು ಮಂದಿಗೆ ಕುಕ್ಕರಿನ ಮುಚ್ಚಳ ತೆಗೆಯಲೂ ಬರುವುದಿಲ್ಲ. "ಅಡುಗೆಗೆ ಒಬ್ಬರು ಬೇಕಲ್ಲ ಸರ್" ಎಂದು ಪ್ರಿನ್ಸಿಪಾಲರಿಗೆ ಹೇಳಿ ಹನ್ನೆರಡನೆಯ ಹೆಸರಾಗಿ ಅವಳದನ್ನು ಬರೆದೆ.

ಅನುಮತಿ ಪತ್ರಕ್ಕೆ ರುಜು ಹಾಕಲು ಅವಳ ಅವ್ವ ಕಾಲೇಜಿಗೆ ಬಂದಳು. ಕೆಲಸದ ಮನೆಯಿಂದ ನೇರ ಬಂದದ್ದು, ಸೆರಗಿನಲ್ಲಿ ಒಗ್ಗರಣೆಯ ವಾಸನೆ. ಹೆಬ್ಬೆಟ್ಟು ಒತ್ತುವ ಮೊದಲು ನನ್ನ ಮುಖವನ್ನೇ ನೋಡಿ ಕೇಳಿದಳು.

"ಅಡಿಗಿಗೇನ್ರಿ ಮಿಸ್, ಅಕಿನ್ನ ಕರಕೊಂಡು ಹೋಗೋದು?"

"ಛೆ, ಇಲ್ಲಮ್ಮ. ಲೀಡರ್‌ಶಿಪ್ ಕಲಿಯೋಕೆ. ಬೇರೆಯವರ ಹಾಗೇ ಅವಳೂನೂ."

"ಮತ್ತೇನಿಲ್ರಿ. ನಾ ಆರು ಮನ್ಯಾಗ ಸೌಟ ಹಿಡಿತೀನಿ. ಅಕಿ ಹಿಡಿಬಾರದು ಅಂತ ಓದಸಾಕತ್ತೀವಿ."

ಹೆಬ್ಬೆಟ್ಟು ಒತ್ತಿ ಹೋದಳು. ಅವತ್ತೇ ಆ ಹುಡುಗಿಯ ಹತ್ತಿರ ಮಾತಾಡಬಹುದಿತ್ತು. ಮಾತಾಡಲಿಲ್ಲ. ಬದಲಿಗೆ ಅವಳನ್ನು ಕರೆದುಕೊಂಡು ಶಿವಾಜಿನಗರಕ್ಕೆ ಹೋಗಿ ಪಾತ್ರೆ, ಸ್ಟೋವು, ಸಾರಿನ ಪುಡಿ ಕೊಂಡೆ. ಅಂಗಡಿಯವನ ಜೊತೆ ಅವಳು ತನ್ನ ಊರಿನ ದಖ್ಖನಿ ಉರ್ದುವಿನಲ್ಲಿ ಚೌಕಾಸಿ ಮಾಡುತ್ತಿದ್ದರೆ ನಾನು ನನ್ನ ಆಯ್ಕೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಶಿಬಿರದ ಪಕ್ಕದ ಹಳ್ಳಿಯ ಶಾಲೆಯೊಂದರಲ್ಲಿ ನಮಗೆ ಉಳಿಯಲು ಜಾಗ ಕೊಟ್ಟರು. ಅಂಗಳದಲ್ಲಿ ಒಂದು ಕೈಪಂಪು, ಹಿಂಬದಿಯ ಜಗಲಿಯಲ್ಲಿ ಅಡುಗೆ. ಬೆಳಿಗ್ಗೆ ಶಿಬಿರಕ್ಕೆ ನಡೆದು ಹೋಗಿ ಅಲ್ಲಿನ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವುದು, ಗುಡಿಸಲಿಗೆ ಬಿದಿರಿನ ತಟ್ಟಿ ಕಟ್ಟಲು ಕೈಜೋಡಿಸುವುದು, ಮಧ್ಯಾಹ್ನ ಅಲ್ಲಿನ ಯುವಕರಿಗೆ ನಾಯಕತ್ವದ ತರಗತಿ, ಇದು ನಮ್ಮ ಕಾರ್ಯಕ್ರಮ. ತರಗತಿಯ ಕತೆ ಹೇಳಿದರೆ ನಾಚಿಕೆ. "ಸಭೆ ನಡೆಸುವುದು ಹೇಗೆ" ಎಂದು ನಾವು ಬಣ್ಣದ ಪೆನ್ನಿನಲ್ಲಿ ಚಾರ್ಟು ಬರೆದು ತೋರಿಸಿದೆವು. ಅಲ್ಲಿಯ ಪ್ರತಿ ಓಣಿಗೂ ಒಬ್ಬ ಮುಖ್ಯಸ್ಥ, ಅದಕ್ಕೊಂದು ಚುನಾವಣೆ, ಜಗಳ ತೀರಿಸಲು ಒಂದು ಸಮಿತಿ, ಎಲ್ಲವನ್ನೂ ಆ ಜನ ಹತ್ತು ವರ್ಷದಿಂದ ತಾವೇ ನಡೆಸಿಕೊಂಡು ಬಂದಿದ್ದರು. ಆದರೂ ಬಹಳ ಮರ್ಯಾದಸ್ಥರು. ಪೂರ್ತಿ ಕೇಳಿ ಚಪ್ಪಾಳೆ ತಟ್ಟಿದರು.

ನಾನು ಒಂದು ನಿಯಮ ಮಾಡಿದ್ದೆ. ದಿನಕ್ಕೊಬ್ಬರು ನಾಯಕರು. ಅವತ್ತು ಅವರು ಹೇಳಿದ್ದನ್ನು ಎಲ್ಲರೂ ಕೇಳಬೇಕು, ನಾನೂ ಸಹ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸುತ್ತ ಕೂತು ಆ ದಿನದ ನಾಯಕತ್ವ ಹೇಗಿತ್ತು ಎಂದು ಮಾತಾಡಬೇಕು. ಇದ್ದದ್ದು ಹನ್ನೆರಡು ದಿನ, ಹುಡುಗರೂ ಹನ್ನೆರಡು. ಆದರೆ ನಾನು ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಹನ್ನೊಂದೇ ಹೆಸರಿದ್ದವು. ಹನ್ನೆರಡನೆಯ ದಿನದ ಎದುರು "ಸಾಮಾನು ಕಟ್ಟುವುದು" ಎಂದು ಬರೆದಿದ್ದೆ. ಬೇಕೆಂದೇ ಬಿಟ್ಟೆನೋ, ಮರೆತೆನೋ, ಇವತ್ತಿಗೂ ನನಗೆ ನಾನೇ ಖಚಿತವಾಗಿ ಹೇಳಿಕೊಳ್ಳಲಾರೆ. ಯಾರೂ ಅದನ್ನು ಕೇಳಲಿಲ್ಲ. ಕೆ.ಆರ್. ಪುರದ ಹುಡುಗಿ ಮಾತ್ರ ಮೊದಲ ದಿನ ಆ ಪಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತು ಓದಿ, ಆಮೇಲೆ ಬೇಳೆ ತೊಳೆಯಲು ಹೋದಳು.

ಎಂಟು ದಿನ ಸುಖವಾಗಿ ಕಳೆದವು. ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನಕ್ಕೆ ಅನ್ನ ಬೇಳೆಸಾರು, ಸಂಜೆ ಚಹಾ. ನಾವು ಸೇವೆ ಮಾಡಿ ದಣಿದು ಬರುವ ಹೊತ್ತಿಗೆ ತಟ್ಟೆ ಸಿದ್ಧವಾಗಿರುತ್ತಿತ್ತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ನಾವು ಬದನೆಕಾಯಿ ತಿನ್ನುತ್ತಾ ಸಮಾನತೆಯ ಬಗ್ಗೆ ಚರ್ಚಿಸುತ್ತಿದ್ದೆವು. ಬದನೆಕಾಯಿ ಎಣ್ಣೆಗಾಯಿ ಅವಳು ಬಹಳ ಚೆನ್ನಾಗಿ ಮಾಡುತ್ತಿದ್ದಳು.

ಒಂಬತ್ತನೆಯ ದಿನ ಇಂದಿರಾನಗರದ ಹುಡುಗನ ಸರದಿ. ಅವನು ಕೆಟ್ಟವನಲ್ಲ, ಕೆಲಸವೆಂದರೆ ಹಿಂದೆ ಮುಂದೆ ನೋಡದೆ ನುಗ್ಗುವವನು. ಬೆಳಗಾಗುವಾಗಲೇ ನಮ್ಮನ್ನು ಎಬ್ಬಿಸಿ ಶಿಬಿರದ ನಲ್ಲಿಯ ಹತ್ತಿರ ಕರೆದುಕೊಂಡು ಹೋದ. ಗುಡಿಸಲುಗಳ ಸಾಲಿನ ನಡುವೆ ಒಂದು ಕಟ್ಟೆ, ನಾಲ್ಕು ನಲ್ಲಿ. ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ನೀರು ಬಿಡುತ್ತಿದ್ದರು. ಅದನ್ನು ನೋಡಿಕೊಳ್ಳಲು ಆ ಓಣಿಯವರೇ ಆರಿಸಿದ ಒಬ್ಬ ಹೆಂಗಸಿದ್ದಳು. ನಾವು ಹೋದಾಗ ಅವಳು ನೀರು ಬಿಡಿಸಲು ಟ್ಯಾಂಕಿನ ಹತ್ತಿರ ಹೋಗಿದ್ದಳು. ಕಟ್ಟೆಯ ಮುಂದೆ ಪ್ಲಾಸ್ಟಿಕ್ ಕ್ಯಾನುಗಳು, ತಾಮ್ರದ ಬಿಂದಿಗೆಗಳು, ಎಣ್ಣೆಯ ಡಬ್ಬಗಳು ಅಂಕುಡೊಂಕಾಗಿ ಬಿದ್ದಿದ್ದವು. ನಡುನಡುವೆ ಒಂದೊಂದು ಇಟ್ಟಿಗೆ. ಜನ ಹೆಚ್ಚಿಲ್ಲ, ನಾಲ್ಕೈದು ಮಂದಿ ಅಷ್ಟೆ.

ಹುಡುಗನಿಗೆ ಅದು ಅವ್ಯವಸ್ಥೆಯಾಗಿ ಕಂಡಿತು. ಖಾಲಿ ಕ್ಯಾನುಗಳನ್ನೆಲ್ಲ ಬೇಲಿಯ ಪಕ್ಕ ಪೇರಿಸಿ, ಇಟ್ಟಿಗೆಗಳನ್ನು ಆಚೆ ಎಸೆದು, ಬಂದ ಜನರನ್ನು ನೆಟ್ಟಗೆ ಸಾಲಾಗಿ ನಿಲ್ಲಿಸಲು ಹೇಳಿದ. ಮೊದಲು ಬಂದ ಮನುಷ್ಯರಿಗೆ ಮೊದಲು ನೀರು. ಹತ್ತೂ ಮಂದಿ ಹುಮ್ಮಸ್ಸಿನಿಂದ ಕೆಲಸ ಮುಗಿಸಿದರು. ನನಗೆ ಆ ಸಾಲು ಎಷ್ಟು ಚೆಂದ ಕಂಡಿತೆಂದರೆ ಕ್ಯಾಮೆರಾ ತೆಗೆದು ಫೋಟೋ ಹೊಡೆದೆ.

ನಲ್ಲಿಯಲ್ಲಿ ನೀರು ಬಂದ ಸದ್ದಿಗೆ ಗುಡಿಸಲುಗಳಿಂದ ಹೆಂಗಸರು ಓಡಿಬಂದರು. ತನ್ನ ಕ್ಯಾನು ಎಲ್ಲಿ ಎಂದು ಒಬ್ಬಳು, ನಾನು ಮೂರನೆಯವಳಾಗಿದ್ದೆ ಎಂದು ಇನ್ನೊಬ್ಬಳು. ಬೇಲಿಯ ಪಕ್ಕದ ರಾಶಿಯಿಂದ ಎಳೆದಾಟ ಶುರುವಾಯಿತು. ಹತ್ತು ವರ್ಷ ಜೊತೆಗಿದ್ದ ನೆರೆಹೊರೆಯವರು ಪರಸ್ಪರ ಕೂಗಾಡಿದರು. ಒಬ್ಬ ಅಜ್ಜಿ ಮಾತ್ರ ಯಾರ ಜೊತೆಯೂ ಜಗಳವಾಡದೆ ಬೇಲಿಯ ಆಚೆ ಬಗ್ಗಿ ಇಟ್ಟಿಗೆ ಹುಡುಕುತ್ತಿದ್ದಳು. ನಮ್ಮ ಒಂದಿಬ್ಬರಿಗೆ ನಗು ಬಂತು. ಜಗಳ ಇಳಿಯುವ ಹೊತ್ತಿಗೆ ನೀರು ನಿಂತುಹೋಯಿತು. ಎಂಟು ಗುಡಿಸಲಿಗೆ ಒಂದು ಹನಿಯೂ ಸಿಕ್ಕಿರಲಿಲ್ಲ. ಅದರಲ್ಲಿ ಒಂದು ಬಾಣಂತಿಯ ಮನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಟ್ಯಾಂಕಿನಿಂದ ಬಂದ ನಲ್ಲಿಯ ಹೆಂಗಸು ಎಲ್ಲವನ್ನೂ ನೋಡಿ ನನ್ನ ಹತ್ತಿರ ಬಂದಳು. ಬೈದಿದ್ದರೆ ಚೆನ್ನಾಗಿತ್ತು. ಕೈಮುಗಿದು, ಹಿಂದಿಯಲ್ಲಿ ಮೆಲ್ಲಗೆ, ನಾಳೆ ದಯವಿಟ್ಟು ಸಹಾಯ ಮಾಡಬೇಡಿ ದೀದಿ ಎಂದಳು.

ಆ ಸಂಜೆಯ ಮಾತುಕತೆ ಜೋರಾಗಿ ನಡೆಯಿತು. ಸಂವಹನದ ಕೊರತೆ ಎಂದು ಒಬ್ಬ, ಮೊದಲೇ ಸರ್ವೆ ಮಾಡಬೇಕಿತ್ತು ಎಂದು ಇನ್ನೊಬ್ಬಳು. ಇಂದಿರಾನಗರದ ಹುಡುಗ ತಲೆತಗ್ಗಿಸಿ ಕೂತಿದ್ದ. ಕೆ.ಆರ್. ಪುರದ ಹುಡುಗಿ ಜಗಲಿಯ ಅಂಚಿನಲ್ಲಿ ಹುರುಳಿಕಾಯಿ ಮುರಿಯುತ್ತಿದ್ದಳು. ಕೈ ನಿಲ್ಲಿಸಿ, ನಿಜವಾಗಿಯೂ ಅರ್ಥವಾಗದವಳ ಹಾಗೆ ಕೇಳಿದಳು.

"ಕೊಡಾ ಮುಟ್ಟಿದ್ರೇನು?"

ಎಲ್ಲರೂ ತಿರುಗಿ ನೋಡಿದೆವು.

"ಕೊಡಾ ಇಟ್ರ ಆಳು ನಿಂತಂಗ ಅಲ್ಲೇನ್ರಿ ಮಿಸ್? ನಮ್ಮ ಓಣ್ಯಾಗ ಟ್ಯಾಂಕರ್ ಬರೋದು ಏಳಕ್ಕ. ನಮ್ಮವ್ವ ಐದಕ್ಕ ಕೊಡಾ ಇಟ್ಟು ಕೆಲಸಕ್ಕ ಹೋಗ್ತಾಳ. ಯಾರೂ ಮುಟ್ಟಂಗಿಲ್ಲ. ಕೊಡಾ ಮನ್ಯಾಗ ತುಂಬಿದ್ರ ಒಂದು ಇಟ್ಟಂಗಿ ಇಡೋದು. ಯಾರ ಇಟ್ಟಂಗಿ ಅಂತ ಎಲ್ಲಾರಿಗೂ ಗೊತ್ತಿರ್ತದ."

ಅಜ್ಜಿ ಹುಡುಕುತ್ತಿದ್ದದ್ದು ತನ್ನ ಜಾಗವನ್ನು. ಪುಲಿಕೇಶಿನಗರದ ನನ್ನ ಬಾಡಿಗೆ ಮನೆಗೆ ಸಂಪು, ಮೋಟಾರು ಇತ್ತು. ನೀರಿಗೆ ನಾನು ಯಾವತ್ತೂ ನಿಂತವಳಲ್ಲ. ಕಾವೇರಿ ನೀರು ಕೆ.ಆರ್. ಪುರದ ಆ ಓಣಿಗಳಿಗೆ ಇನ್ನೂ ಬಂದಿಲ್ಲ ಎಂದು ಪೇಪರಿನಲ್ಲಿ ಓದಿದ್ದೆ, ಪಾಠದಲ್ಲಿ ಉದಾಹರಣೆಯಾಗಿಯೂ ಕೊಟ್ಟಿದ್ದೆ. ಅವಮಾನವಾದಾಗ ನನಗೆ ಸಿಟ್ಟು ಬರುತ್ತದೆ. ಅವಳ ಮೇಲೇ ರೇಗಿದೆ.

"ಇಷ್ಟೆಲ್ಲ ಗೊತ್ತಿದ್ದವಳು ಬೆಳಿಗ್ಗೆ ಯಾಕೆ ಹೇಳಲಿಲ್ಲ?"

"ನಾ ಅಲ್ಲಿರಲಿಲ್ರೀ ಮಿಸ್. ಉಪ್ಪಿಟ್ಟಿಗೆ ಇಟ್ಟಿದ್ದೆ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಅದು ನಾಟಿತು. ನಾನು ಎದ್ದು ಗೋಡೆಯ ಹತ್ತಿರ ಹೋಗಿ, ಹತ್ತನೆಯ ದಿನದ ಎದುರಿದ್ದ ಹೆಸರನ್ನು ಹೊಡೆದುಹಾಕಿ ಅವಳ ಹೆಸರು ಬರೆದೆ. ಆ ಹೆಸರಿನವಳನ್ನು ಹನ್ನೊಂದಕ್ಕೆ, ಹನ್ನೊಂದರವನನ್ನು ಸಾಮಾನು ಕಟ್ಟುವ ದಿನಕ್ಕೆ ತಳ್ಳಿದೆ. ಜಾಗ ಇತ್ತು. ಮೊದಲಿನಿಂದಲೂ ಇತ್ತು.

ಮಾರನೆಯ ಬೆಳಿಗ್ಗೆ ಅವಳು ನಮ್ಮೆಲ್ಲರ ಮುಂದೆ ನಿಂತಳು. ಸೆರಗಿನ ಹಾಗೆ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಐದು ಜನ ಶಾಲೆಯ ಕೈಪಂಪು ಹೊಡೆದು ನೀರು ತುಂಬಬೇಕು, ಉಳಿದವರು ಅದನ್ನು ನಿನ್ನೆ ನೀರು ಸಿಗದ ಎಂಟು ಮನೆಗೆ ಹೊರಬೇಕು, ಬಾಣಂತಿಯ ಮನೆಗೆ ಮೊದಲು ಎಂದಳು. ಇಂದಿರಾನಗರದ ಹುಡುಗನ ಕಡೆ ತಿರುಗಿ "ನೀ ನನ್ನ ಜೋಡಿ ನಲ್ಲಿಗಿ ಬಾ. ಆ ಅಜ್ಜಿ ಇಟ್ಟಂಗಿ ಹುಡುಕಿ ಕೊಡೋಣು" ಎಂದಳು. ಆಮೇಲೆ ನನ್ನನ್ನು ನೋಡಿದಳು. ಹೇಳಲೋ ಬೇಡವೋ ಎಂದು ಒಂದು ಕ್ಷಣ.

"ಮಿಸ್, ನೀವು ಇವತ್ತು ಅಡಿಗಿ ಮಾಡ್ರಿ."

ನಿಯಮ ನನ್ನದೇ. ಮಾಡಿದ್ದುಣ್ಣೋ ಮಹರಾಯ. ಸ್ಟೋವು ಹಚ್ಚಲು ಮೂರು ಸಲ ಪ್ರಯತ್ನಿಸಿ, ನಾಲ್ಕನೆಯ ಸಲ ಹಚ್ಚಿ, ಅಕ್ಕಿ ಎಸರಿಗೆ ಹಾಕಿ, ಉರಿ ಸಣ್ಣಗೆ ಮಾಡಿ, ತಡೆಯಲಾರದೆ ನಲ್ಲಿಯ ಹತ್ತಿರ ಓಡಿದೆ.

ಅವಳು ಯಾರನ್ನೂ ಸಾಲು ನಿಲ್ಲಿಸಿರಲಿಲ್ಲ. ನಲ್ಲಿಯ ಹೆಂಗಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತನ್ನ ದಖ್ಖನಿ ಹಿಂದಿಯಲ್ಲಿ ಏನೋ ಕೇಳುತ್ತಿದ್ದಳು. ಯಾರ ಕ್ಯಾನು ಯಾವುದು ಎಂದು ಆ ಹೆಂಗಸು ಬೆರಳು ಮಾಡಿ ತೋರಿಸುತ್ತಿದ್ದಳು. ಅಜ್ಜಿಯ ಇಟ್ಟಿಗೆ ತನ್ನ ಹಳೆಯ ಜಾಗಕ್ಕೆ ಬಂದಿತ್ತು. ನೀರು ಬಂತು. ಕ್ಯಾನುಗಳು ಒಂದೊಂದಾಗಿ ಮುಂದೆ ಸರಿದವು. ಒಂದು ಕ್ಯಾನಿನ ಯಜಮಾನಿ ಇನ್ನೂ ಬಂದಿರಲಿಲ್ಲ. ನಮ್ಮ ಹುಡುಗ ಅದನ್ನು ದಾಟಿ ಹಿಂದಿನದಕ್ಕೆ ಕೈಹಾಕಿದ. ಅವಳು ಅವನ ಕೈ ಹಿಡಿದು ತಡೆದು, ಆ ಕ್ಯಾನನ್ನು ತಾನೇ ನಲ್ಲಿಗಿಟ್ಟು ತುಂಬಿ, ಎತ್ತಿ ಪಕ್ಕಕ್ಕಿಟ್ಟಳು. ಬಾರದವರದ್ದನ್ನೂ ತುಂಬಿಡಬೇಕು. ಅದು ಅವಳ ಓಣಿಯ ರೂಢಿ, ಇವರ ರೂಢಿಯೂ ಅದೇ ಇತ್ತು. ಸುತ್ತ ನಿಂತ ಹೆಂಗಸರ ಮುಖ ಅರಳಿತು. ನಲ್ಲಿಯ ಹೆಂಗಸು ಎದ್ದು, ತನ್ನ ಕ್ಯಾನನ್ನು ಅಲ್ಲೇ ಸಾಲಿನಲ್ಲಿ ಬಿಟ್ಟು, ಇದನ್ನು ನೋಡ್ಕೋ ಎಂದು ಅವಳಿಗೆ ಹೇಳಿ ಮಗುವಿಗೆ ಉಣಿಸಲು ಗುಡಿಸಲಿಗೆ ಹೋದಳು. ನಿನ್ನೆ ಕೈಮುಗಿದು ಸಹಾಯ ಬೇಡ ಎಂದವಳು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಅನ್ನ ನೆನಪಾಗಿ ಶಾಲೆಗೆ ಓಡಿದೆ.

ಅನ್ನ ತಳ ಹಿಡಿದಿತ್ತು. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಹೆಗಲಿನ ಮೇಲೆ ನೀರು ಹೊತ್ತು ಬಂದ ಮಕ್ಕಳು ಮಾತಿಲ್ಲದೆ ಉಂಡರು. ಅವಳು ಕಡೆಯಲ್ಲಿ ಬಂದಳು. ನಾನೇ ಬಡಿಸಿದೆ. ಬೇರೆಯವರೆಲ್ಲ ತಟ್ಟೆ ತೊಳೆಯಲು ಪಂಪಿನ ಹತ್ತಿರ ಹೋಗಿದ್ದರು.

"ನಾನು ನಿನ್ನ ಕರ್ಕೊಂಡು ಬಂದಿದ್ದು ಅಡುಗೆಗೆ" ಎಂದೆ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು.

ಅವಳು ತುತ್ತು ನುಂಗಿ "ಗೊತ್ತದರೀ ಮಿಸ್" ಎಂದಳು.

"ಯಾವಾಗಿಂದ?"

"ಪಾತ್ರಿ ಅಂಗಡ್ಯಾಗ. ಸೌಟ ಹಿಡದು ನೋಡು, ಕೈಗಿ ಸರಿ ಕುಂದರತದೇನು ಅಂತ ಕೇಳಿದ್ರಲ್ಲ, ಆವಾಗ."

ನಾನು ಹಾಗೆ ಕೇಳಿದ್ದು ನನಗೆ ನೆನಪೇ ಇರಲಿಲ್ಲ.

"ಹಾಗಾದ್ರೆ ಯಾಕೆ ಬಂದೆ?"

"ಅಡಿಗಿ ಮಾಡ್ತಾ ಆದ್ರೂ ನೋಡ್ತೀನಲ್ರೀ ಅಂತ." ಅನ್ನ ಕಲಸುತ್ತಾ ಸೇರಿಸಿದಳು. "ನಮ್ಮವ್ವಗ ಹೇಳಬ್ಯಾಡ್ರಿ. ಭಾಳ ನೋವು ಮಾಡ್ಕೋತಾಳ. ಇಂದಿರಾನಗರದಾಗ ಎಲ್ಲಾ ಮನಿಯವ್ರಿಗೂ ಹೇಳ್ಯಾಳ, ಮಗಳು ಲೀಡರ್ ಆಗಾಕ ಹೋಗ್ಯಾಳ ಅಂತ."

ಮುಂದಿನ ಎರಡು ದಿನ ಅಡುಗೆಗೂ ಸರದಿ ಹಾಕಿಕೊಂಡೆವು. ಇಂದಿರಾನಗರದ ಹುಡುಗ ಈರುಳ್ಳಿ ಹೆಚ್ಚುತ್ತಾ ಅತ್ತ. ಈರುಳ್ಳಿಗೇ ಅತ್ತನೆಂದು ನಾವೆಲ್ಲ ಒಪ್ಪಿಕೊಂಡೆವು. ವಾಪಸ್ಸು ಬರುವಾಗ ರೈಲಿನಲ್ಲಿ ನಾನು ಮೂರು ದಿನವೂ ಕಿಟಕಿಯ ಪಕ್ಕ ಕೂತು ಲೆಕ್ಕಾಚಾರ ಹಾಕಿದೆ. ತಪ್ಪು ಮಾಡಿದ್ದು ನಾನು, ಅದನ್ನು ಆ ತಾಯಿಯ ಎದುರು ಒಪ್ಪಿಕೊಳ್ಳಬೇಕು. ಆದರೆ ಒಪ್ಪಿಕೊಂಡರೆ ಹಗುರಾಗುವವಳು ನಾನು, ಭಾರವಾಗುವುದು ಅವರಿಬ್ಬರಿಗೆ. ಇಷ್ಟು ವರ್ಷ ನೀತಿಶಾಸ್ತ್ರದ ಬಗ್ಗೆ ಓದಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದಾಗ ಹನ್ನೊಂದು ಮಂದಿಯ ಅಪ್ಪಂದಿರು ಸ್ಕೂಟರು, ಕಾರು ತಂದಿದ್ದರು. ಅವಳ ಅವ್ವ ಕಂಬದ ಪಕ್ಕ ಒಬ್ಬಳೇ ನಿಂತಿದ್ದಳು, ಕೆಲಸಕ್ಕೆ ರಜ ಹಾಕಿ, ಹಬ್ಬದ ಸೀರೆ ಉಟ್ಟು. ಮಗಳ ಕೆನ್ನೆ ಸವರಿ, ತೋಳು ಮುಟ್ಟಿ ನೋಡಿ, ನನ್ನ ಕಡೆ ನಮಸ್ಕಾರ ಹಾಕಿ, ಮಗಳನ್ನು ಕೇಳಿದಳು.

"ಏನೇನು ಮಾಡಿದ್ಯವ್ವ ಅಲ್ಲಿ? ಊಟಕ್ಕ ಏನು ಮಾಡಿದ್ರಿ?"

ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ದೇವರೇ ಬಲ್ಲ. ಮಗಳು ನನಗಿಂತ ಮೊದಲು ಹೇಳಿಬಿಟ್ಟಳು.

"ಮಿಸ್ಸೇ ಅಡಿಗಿ ಮಾಡಿ ಹಾಕಿದ್ರು ಬೇ. ನಾವೆಲ್ಲಾ ಉಂಡ್ವಿ. ಉಪ್ಪು ಸ್ವಲ್ಪ ಜಾಸ್ತಿ ಹಾಕ್ತಾರ, ಅಷ್ಟ."

ಅವ್ವ ಬೆರಗಾಗಿ ನನ್ನನ್ನು ನೋಡಿದಳು. "ಹೌದೇನ್ರಿ ಮಿಸ್? ಹನ್ನೆರಡು ಮಕ್ಕಳಿಗೂ ನೀವ ಮಾಡಿ ಹಾಕಿದ್ರ್ಯಾ?"

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೌದಮ್ಮ" ಎಂದೆ.

ಆ ತಾಯಿ ಕಣ್ಣು ಒರೆಸಿಕೊಂಡಳು. ಚೀಲಕ್ಕೆ ಕೈಹಾಕಿ, ಮಗಳಿಗೆಂದು ಬಟ್ಟೆಯಲ್ಲಿ ಕಟ್ಟಿ ತಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ತೆಗೆದು ನನ್ನ ಎರಡೂ ಕೈಗಳಲ್ಲಿಟ್ಟಳು. "ಹಂಗಾರ ಭಾಳ ದಣದಿರ್ತೀರಿ. ಮನ್ಯಾಗ ಹೋಗಿ ಮತ್ತ ಒಲಿ ಹಚ್ಚಬ್ಯಾಡ್ರಿ, ಇದನ್ನ ಉಣ್ರಿ" ಎಂದಳು. ಪುಲಿಕೇಶಿನಗರದ ಮನೆಗೆ ಹೋಗಿ, ಕೈಕಾಲು ತೊಳೆದು, ನೆಲದ ಮೇಲೆ ಕೂತು ಅದನ್ನು ಬಿಚ್ಚಿದೆ. ರೊಟ್ಟಿ ಇನ್ನೂ ಮೆತ್ತಗಿತ್ತು. ಅಳುತ್ತಲೇ ಒಂದು ಚೂರೂ ಬಿಡದೆ ತಿಂದೆ.